ಡಿಎನ್‌ಎಯನ್ನು ಎಳೆದು ಅಳೆಯಲು ಯಾವ ಉಪಕರಣ? ಐದು ದಾರಿಗಳ ಹೋಲಿಕೆ

ಡಿಎನ್‌ಎಯ ರಚನೆ ಬದಲಾದರೆ ಅದರ ಉದ್ದ, ಬಿಗಿತ, ತಿರುಚು ಈ ಮೂರರಲ್ಲಿ ಒಂದಾದರೂ ಬದಲಾಗಲೇಬೇಕು. ಹಾಗಾಗಿ ಎಳೆದು, ತಿರುಗಿಸಿ, ಬಲ ಅಳೆದೇ ರಚನೆಯ ಬಗ್ಗೆ ಬಹಳಷ್ಟು ಹೇಳಬಹುದು. ತೊಡಕು ಶುರುವಾಗುವುದು ಉಪಕರಣ ಆರಿಸುವಾಗ. ಕಣ್ಣಿಗೆ ಕಾಣುವಷ್ಟು ದಪ್ಪದ ನಾರನ್ನು ತೂಗುಹಾಕಿ ಅಳೆಯುವುದೋ, ಒಂಟಿ ಅಣುವನ್ನು ಲೇಸರ್‌ನಿಂದ ಹಿಡಿಯುವುದೋ, ಆಯಸ್ಕಾಂತದಿಂದ ಎಳೆಯುವುದೋ, ಎಎಫ್‌ಎಂ (ಚೂಪು ತುದಿಯಿಂದ ಮೇಲ್ಮೈ ತಡವಿ ನೋಡುವ ಮೈಕ್ರೋಸ್ಕೋಪ್) ತುದಿಯಿಂದ ಎತ್ತುವುದೋ, ಸಿಲಿಕಾನ್ ಚಿಪ್ಪಿನ ಪುಟ್ಟ ಚಿಮುಟದಲ್ಲಿ ಕಚ್ಚಿಸುವುದೋ?

ಸಾಮಾನ್ಯವಾಗಿ ಎಲ್ಲರೂ ಮೊದಲು ಕೇಳುವುದು ಯಾವುದು ಹೆಚ್ಚು ಸೂಕ್ಷ್ಮ ಎಂದು. ಅದಕ್ಕಿಂತ ಮುಖ್ಯವಾದದ್ದು, ಪ್ರಯೋಗದಲ್ಲಿ ನೀವು ಯಾವುದನ್ನು ಹಿಡಿದಿಡುತ್ತೀರಿ, ಯಾವುದನ್ನು ಅದರ ಪಾಡಿಗೆ ಬಿಡುತ್ತೀರಿ ಎಂಬುದು. ಉದ್ದ ಹಿಡಿದು ಬಲ ಓದುವುದು ಒಂದು ಬಗೆ, ಬಲ ಹಿಡಿದು ಉದ್ದ ಓದುವುದು ಇನ್ನೊಂದು. ತಿರುಚನ್ನು ಕಟ್ಟಿಹಾಕುವುದೋ ಬಿಡುವುದೋ ಎಂಬುದರಿಂದ ಅದೇ ಅಣು ಬೇರೆಯೇ ಬಲದಲ್ಲಿ ರೂಪ ಬದಲಿಸುತ್ತದೆ. ಸುತ್ತಲಿನ ನೀರನ್ನೇ ನಿಯಂತ್ರಿಸಬೇಕಾದ ಪ್ರಶ್ನೆಗಳಿಗೆ ಒಂಟಿ ಅಣುವಿನ ಉಪಕರಣಗಳು ಹೆಚ್ಚಾಗಿ ಒಗ್ಗುವುದಿಲ್ಲ.

ಆರಿಸುವ ಮುನ್ನ ಕೈಯಲ್ಲಿರಬೇಕಾದ ಅಂಕಿಗಳು

ನಮಗೆ ಪರಿಚಿತವಾದ ಬಿ ರೂಪದಲ್ಲಿ ಪ್ರತಿ ಬೇಸ್ ಜೋಡಿಗೆ (ಸುರುಳಿ ಏಣಿಯ ಒಂದು ಮೆಟ್ಟಿಲಿಗೆ) 0.34 ನ್ಯಾನೊಮೀಟರ್ ಉದ್ದ, ಒಂದು ಸುತ್ತಿಗೆ ಸುಮಾರು 10.5 ಜೋಡಿ. ನೀರು ಕಡಿಮೆಯಾದಾಗ ಬರುವ ಎ ರೂಪದಲ್ಲಿ ಸುಮಾರು 0.26 ನ್ಯಾನೊಮೀಟರ್, ಸುತ್ತಿಗೆ 11 ಜೋಡಿ. ಎಡಸುರುಳಿಯ ಝಡ್ ರೂಪದಲ್ಲಿ ಸುಮಾರು 0.37 ನ್ಯಾನೊಮೀಟರ್, ಸುತ್ತಿಗೆ 12 ಜೋಡಿ. ಬಲವಾಗಿ ಎಳೆದಾಗ ಅಣು ಬಿ ರೂಪದ ಉದ್ದದ 1.7 ಪಟ್ಟು ಆಗುತ್ತದೆ.

ಈ ಅಂಕಿಗಳಿಂದಲೇ ಅರ್ಧ ಉತ್ತರ ಸಿಗುತ್ತದೆ. ಬಿಯಿಂದ ಎಗೆ ಹೋದರೆ ಉದ್ದ ಶೇ. 24ರಷ್ಟು ಕುಗ್ಗುತ್ತದೆ, ಉದ್ದ ಅಳೆಯುವ ಯಾವ ಸಾಧನಕ್ಕೂ ಇದು ದೊಡ್ಡ ಬದಲಾವಣೆ. ಬಿಯಿಂದ ಝಡ್‌ಗೆ ಹೋಗುವುದು ಹಾಗಲ್ಲ. ಉದ್ದ ಅಣುವೊಂದರ ನಡುವೆ 100 ಜೋಡಿಯ ತುಂಡು ಝಡ್ ಆಯಿತೆನ್ನಿ. ಉದ್ದದಲ್ಲಿ ಆಗುವ ವ್ಯತ್ಯಾಸ ಬರೀ 3 ನ್ಯಾನೊಮೀಟರ್, ಅದು ಉಪಕರಣದ ಸರಿತದಲ್ಲೇ (ಉಪಕರಣ ತಾನಾಗಿ ಮೆಲ್ಲಗೆ ಸರಿಯುವುದರಲ್ಲೇ) ಕಳೆದುಹೋಗುತ್ತದೆ. ತಿರುಚಿನಲ್ಲಾದರೆ ಬಲಕ್ಕೆ ಒಂಬತ್ತೂವರೆ ಸುತ್ತು ಹೋಗಿ ಎಡಕ್ಕೆ ಎಂಟೂ ಚಿಲ್ಲರೆ ಬರುತ್ತದೆ, ಒಟ್ಟು ಸುಮಾರು 18 ಸುತ್ತಿನ ವ್ಯತ್ಯಾಸ. ತಿರುಚು ಅಳೆಯುವ ಸಾಧನಕ್ಕೆ ಇದು ಎದ್ದು ಕಾಣುತ್ತದೆ.

ಬಲದ ಅಳತೆಗೋಲನ್ನೂ ನೋಡಿಬಿಡಿ. ಕೋಣೆಯ ತಾಪದಲ್ಲಿ ಉಷ್ಣಶಕ್ತಿ 4.1 ಪಿಕೊನ್ಯೂಟನ್-ನ್ಯಾನೊಮೀಟರ್ (ಪಿಕೊನ್ಯೂಟನ್ ಅಂದರೆ ನ್ಯೂಟನ್‌ನ ಲಕ್ಷ ಕೋಟಿಯಲ್ಲೊಂದು ಪಾಲು). ಡಿಎನ್‌ಎಯ ಪರ್ಸಿಸ್ಟೆನ್ಸ್ ಉದ್ದ, ಅಂದರೆ ಅಣು ಬಾಗದೆ ಹೆಚ್ಚುಕಡಿಮೆ ನೇರವಾಗಿರುವ ದೂರ, ಸುಮಾರು 50 ನ್ಯಾನೊಮೀಟರ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.08 ಪಿಕೊನ್ಯೂಟನ್, ಮುದುಡಿದ ಅಣು ನೇರವಾಗತೊಡಗುವುದು ಈ ಮಟ್ಟದಲ್ಲಿ. ಎರಡು ಎಳೆಗಳನ್ನು ಜಿಪ್‌ನಂತೆ ಬಿಚ್ಚಲು 10ರಿಂದ 15 ಪಿಕೊನ್ಯೂಟನ್ ಬೇಕು. ತಿರುಚು ಬಿಟ್ಟ ಅಣು ಅತಿಯಾಗಿ ಉದ್ದವಾಗುವುದು 65ರ ಆಸುಪಾಸಿನಲ್ಲಿ, ತಿರುಚು ಕಟ್ಟಿದ ಅಣು ಸುಮಾರು 110ರಲ್ಲಿ.

ದಪ್ಪ ನಾರು: ನೀರೇ ಪ್ರಶ್ನೆಯಾದಾಗ

ಡಿಎನ್‌ಎಯ ಎ ಮತ್ತು ಬಿ ರೂಪಗಳು ಮೊದಲು ಬೇರೆಬೇರೆಯಾಗಿ ಗುರುತಿಗೆ ಬಂದದ್ದೇ ನಾರಿನಲ್ಲಿ. ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ರೇಮಂಡ್ ಗಾಸ್ಲಿಂಗ್ 1953ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸೋಡಿಯಂ ಲವಣದ ಡಿಎನ್‌ಎ ಶೇ. 75ರ ಆರ್ದ್ರತೆಯಲ್ಲಿ ಎ, ಶೇ. 92ರಲ್ಲಿ ಬಿ. ಇವತ್ತಿಗೂ ಈ ಪ್ರಶ್ನೆಗೆ ನಾರಿನಷ್ಟು ನೇರವಾದ, ಅಗ್ಗವಾದ ದಾರಿ ಇನ್ನೊಂದಿಲ್ಲ.

ಬೇಕಾಗುವ ಸಾಮಾನು ಕಡಿಮೆ: 10 ಗ್ರಾಂ ಸಾಮರ್ಥ್ಯದ ಲೋಡ್ ಸೆಲ್ (ಭಾರ ಓದುವ ಸಂವೇದಕ), ಒಂದು ಮೈಕ್ರೊಮೀಟರ್ ಬೇರ್ಪಡಿಸಬಲ್ಲ ಸ್ಥಾನಮಾಪಕ, ತಾಪ ಕಾಯುವ ಮುಚ್ಚಿದ ಪೆಟ್ಟಿಗೆ. ಆರ್ದ್ರತೆಗೆ ಯಂತ್ರವೇ ಬೇಕೆಂದಿಲ್ಲ. 25 ಡಿಗ್ರಿಯಲ್ಲಿ ಪರ್ಯಾಪ್ತ ಅಡುಗೆ ಉಪ್ಪಿನ ದ್ರಾವಣ ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನು ಶೇ. 75ಕ್ಕೆ ತಂದು ನಿಲ್ಲಿಸುತ್ತದೆ, ಪೊಟ್ಯಾಸಿಯಂ ಕ್ಲೋರೈಡ್ ಶೇ. 84ಕ್ಕೆ, ಪೊಟ್ಯಾಸಿಯಂ ನೈಟ್ರೇಟ್ ಸುಮಾರು 93ಕ್ಕೆ. ತಟ್ಟೆಯ ತಳದಲ್ಲಿ ಕರಗದ ಉಪ್ಪು ಉಳಿದಿರಲೇಬೇಕು. ಅದು ಕರಗಿಹೋದ ಕ್ಷಣದಿಂದ ಆರ್ದ್ರತೆ ನಿಮ್ಮ ಹಿಡಿತದಲ್ಲಿಲ್ಲ. ನಾರು ಹೊಸ ಆರ್ದ್ರತೆಗೆ ಒಗ್ಗಲು ಗಂಟೆಗಳು ಬೇಕು. ಉದ್ದದ ಓದು ಸಮತಟ್ಟಾಗುವವರೆಗೆ ಕಾಯದೆ ಮುಂದಿನ ಹಂತಕ್ಕೆ ಹೋದರೆ, ಹೋಗುವಾಗಿನ ವಕ್ರ ಒಂದು ಕಡೆ, ಬರುವಾಗಿನದು ಇನ್ನೊಂದು ಕಡೆ ಬಂದು ಇಲ್ಲದ ಹಿಸ್ಟೆರೆಸಿಸ್ ಕಾಣಿಸುತ್ತದೆ.

ಆರ್ದ್ರತೆಯ ಬದಲು ಎಥೆನಾಲ್-ನೀರಿನ ಮಿಶ್ರಣದಲ್ಲಿ ಮುಳುಗಿಸಿಯೂ ಇದೇ ಕೆಲಸ ಮಾಡಬಹುದು. ಸೋಡಿಯಂ ಡಿಎನ್‌ಎ ಶೇ. 70ರಿಂದ 80ರ ನಡುವೆ ಎಗೆ ತಿರುಗುತ್ತದೆ. ಲಿಥಿಯಂ ಲವಣ ಎ ಆಗುವುದೇ ಇಲ್ಲ, ಹಾಗಾಗಿ ಅದನ್ನು ಪಕ್ಕದಲ್ಲಿ ಹೋಲಿಕೆಗೆ ಇಟ್ಟುಕೊಳ್ಳಿ: ಸೋಡಿಯಂ ನಾರು ಮಾತ್ರ ಕುಗ್ಗಿ ಲಿಥಿಯಂ ನಾರು ಹಾಗೆ ಕುಗ್ಗದಿದ್ದರೆ ಆದದ್ದು ಬರೀ ಒಣಗುವಿಕೆಯಲ್ಲ ಎನ್ನಲು ಆಧಾರ ಸಿಕ್ಕಿತು. ಎಥೆನಾಲ್ ತೀರ ಕಡಿಮೆಯಾದರೆ ನಾರು ಊದಿ ಕರಗಿಹೋಗುತ್ತದೆ.

ಭಾರ ಎಷ್ಟು ಹಾಕಬೇಕು? ಇಲ್ಲೇ ಹೆಚ್ಚು ಮಂದಿ ಎಡವುವುದು. 50 ಮೈಕ್ರೊಮೀಟರ್ ವ್ಯಾಸದ ನಾರು ತೆಗೆದುಕೊಳ್ಳಿ. ಒತ್ತಾಗಿ ಜೋಡಿಸಿದ ಒಂದೊಂದು ಅಣುವಿಗೆ ಸುಮಾರು 5 ಚದರ ನ್ಯಾನೊಮೀಟರ್ ಜಾಗ ಎಂದಿಟ್ಟುಕೊಂಡರೆ ಅಡ್ಡಕೊಯ್ತದಲ್ಲಿ 40 ಕೋಟಿಯ ಆಸುಪಾಸು ಅಣುಗಳು. ಒಂದು ಗ್ರಾಂ ಭಾರ ಅಂದರೆ ಅಣುವೊಂದಕ್ಕೆ ಸರಾಸರಿ 25 ಪಿಕೊನ್ಯೂಟನ್. ಇದು ರೂಪಾಂತರವನ್ನು ಸುಮ್ಮನೆ ನೋಡುವ ಬಲವಲ್ಲ, ಅದನ್ನು ತಳ್ಳುವ ಬಲ. ನೋಡುವುದಷ್ಟೇ ಉದ್ದೇಶವಾದರೆ 50 ಮಿಲಿಗ್ರಾಂ ಸಾಕು, ಅಣುವಿಗೆ ಒಂದು ಪಿಕೊನ್ಯೂಟನ್‌ಗಿಂತ ತುಸು ಹೆಚ್ಚು ಬೀಳುತ್ತದೆ. ನಾರು ಊದಿದಾಗ ಅಡ್ಡಕೊಯ್ತ ಹಿಗ್ಗಿದರೂ ಅಣುಗಳ ಸಂಖ್ಯೆ ಅಷ್ಟೇ ಇರುತ್ತದೆ. ಒತ್ತಡವನ್ನು ಒಣ ವ್ಯಾಸದಿಂದಲೇ ಲೆಕ್ಕ ಹಾಕಿ.

ಇದರ ಮಿತಿಯೂ ದೊಡ್ಡದೇ. ನಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಅಣು ಹೋಗುವುದಿಲ್ಲ, ಅಕ್ಕಪಕ್ಕದವು ಒಂದನ್ನೊಂದು ಕಚ್ಚಿ ಭಾರ ಹೊರುತ್ತವೆ. ಆರ್ದ್ರತೆ ಶೇ. 95 ದಾಟಿದರೆ ಅವು ಜಾರತೊಡಗುತ್ತವೆ, ನಾರು ಮೆಲ್ಲಗೆ ಉದ್ದವಾಗುತ್ತ ಹೋಗುತ್ತದೆ. ಅದನ್ನು ರಚನೆಯ ಬದಲಾವಣೆ ಎಂದು ಬರೆದುಕೊಳ್ಳಬಾರದು. ತೀರ ಒಣಗಿಸಿದರೆ ಸಾಲು ಕೆಟ್ಟು ನಾರು ಪೆಡಸಾಗುತ್ತದೆ. ಉಳಿದ ಉಪ್ಪಿನ ಪ್ರಮಾಣ ಹೆಚ್ಚಾದರೆ ಎ ರೂಪ ಕಾಣದೆಯೇ ಹೋಗಬಹುದು. ಉದ್ದವೊಂದನ್ನೇ ನಂಬದೆ ರಾಮನ್ ವರ್ಣಪಟಲವನ್ನೂ (ಚದುರಿದ ಬೆಳಕಿನಿಂದ ಅಣುವಿನ ಕಂಪನ ಓದುವ ಅಳತೆ) ಒಮ್ಮೆ ತೆಗೆಯಿರಿ: ಎ ರೂಪದ ಗುರುತು ಪ್ರತಿ ಸೆಂಟಿಮೀಟರಿಗೆ 807ರ ಬಳಿ, ಬಿಯದು 835ರ ಬಳಿ. ತಿರುಚಿನ ಬಗ್ಗೆ ನಾರು ಏನನ್ನೂ ಹೇಳುವುದಿಲ್ಲ.

ಆಪ್ಟಿಕಲ್ ಟ್ವೀಜರ್ಸ್: ಬಲ-ಉದ್ದದ ವಕ್ರ ಪೂರ್ತಿ ಬೇಕಾದಾಗ

ಆರ್ಥರ್ ಆಶ್ಕಿನ್ ಅವರಿಗೆ 2018ರ ನೊಬೆಲ್ ತಂದುಕೊಟ್ಟ ತಂತ್ರ ಇದು. ಒಂದರಿಂದ ಮೂರು ಮೈಕ್ರೊಮೀಟರ್ ವ್ಯಾಸದ ಪಾಲಿಸ್ಟೈರೀನ್ ಮಣಿಯನ್ನು 1064 ನ್ಯಾನೊಮೀಟರ್ ಲೇಸರ್ ಹಿಡಿದಿಡುತ್ತದೆ. ಅಣುವಿನ ಒಂದು ತುದಿ ಆ ಮಣಿಗೆ ಅಂಟಿರುತ್ತದೆ, ಇನ್ನೊಂದು ತುದಿ ಎರಡನೆಯ ಲೇಸರ್ ಬಲೆಯಲ್ಲೋ ಪಿಪೆಟ್ಟಿನ ತುದಿಯಲ್ಲೋ ಇರುತ್ತದೆ. 65 ಪಿಕೊನ್ಯೂಟನ್‌ನಲ್ಲಿ ಬಲ ಏರದೆ ಅಣು ಉದ್ದವಾಗುತ್ತ ಹೋಗುವ ಪ್ರಸ್ಥಭೂಮಿ 1996ರಲ್ಲಿ ವರದಿಯಾಯಿತು. ಆ ಪ್ರಸ್ಥಭೂಮಿಯಲ್ಲಿ ಆಗುವುದು ಎಳೆಗಳು ಬೇರ್ಪಡುವುದೋ, ಜೋಡಿ ಉಳಿದೇ ಸುರುಳಿ ಬಿಚ್ಚುವುದೋ ಎಂಬ ವಾದ ಮುಂದಿನ ದಶಕ ದಾಟಿಯೂ ನಡೆಯಿತು. ಕೊನೆಗೆ ತೇಲಿದ್ದು ಎರಡೂ ನಿಜ ಎಂದು: ಉಪ್ಪು, ತಾಪ, ಬೇಸ್ ಕ್ರಮ, ತುದಿ ಬಿಟ್ಟಿದೆಯೋ ಕಟ್ಟಿದೆಯೋ ಎಂಬುದರ ಮೇಲೆ ಯಾವುದು ಎಂದು ತೀರ್ಮಾನವಾಗುತ್ತದೆ. ಈ ಬಗೆಯ ಪ್ರಶ್ನೆಗೆ ಬೇರೆ ಉಪಕರಣ ನೋಡುವ ಅಗತ್ಯವೇ ಇಲ್ಲ. ಎಳೆದು ಬಿಡುವಾಗ ವಕ್ರ ಬಂದ ದಾರಿಯಲ್ಲೇ ಹಿಂತಿರುಗಿದರೆ ಸುರುಳಿ ಬಿಚ್ಚಿದ್ದಷ್ಟೇ, ಬೇರೆ ದಾರಿ ಹಿಡಿದರೆ ಎಳೆ ಸುಲಿದಿದೆ ಎಂದು ಮೊದಲ ಅಂದಾಜು ಮಾಡಬಹುದು.

ಬಲೆಯ ಬಿಗಿತವನ್ನು ಮೊದಲೇ ಲೆಕ್ಕ ಹಾಕಿ. ನ್ಯಾನೊಮೀಟರಿಗೆ 0.1 ಪಿಕೊನ್ಯೂಟನ್ ಬಿಗಿತದ ಬಲೆಯಲ್ಲಿ 65 ಪಿಕೊನ್ಯೂಟನ್ ಅಳೆಯಲು ಹೊರಟರೆ ಮಣಿ 650 ನ್ಯಾನೊಮೀಟರ್ ಸರಿಯಬೇಕು, ಅಷ್ಟರಲ್ಲಿ ಅದು ಸರಳರೇಖೆಯ ವ್ಯಾಪ್ತಿ ದಾಟಿರುತ್ತದೆ. 0.5ಕ್ಕೆ ಏರಿಸಿದರೆ 130 ನ್ಯಾನೊಮೀಟರ್, ಅದು ನಡೆಯುತ್ತದೆ. ಬಿಗಿತ ಏರಿಸಲು ಲೇಸರ್ ಶಕ್ತಿ ಏರಿಸಬೇಕು, ಅದರ ಬೆಲೆಯೂ ತೆರಬೇಕು: ಮಾದರಿಯ ಬಳಿ 100 ಮಿಲಿವಾಟಿಗೆ ಸುಮಾರು ಒಂದು ಡಿಗ್ರಿ ತಾಪ ಏರುತ್ತದೆ, ಜೊತೆಗೆ ಬೆಳಕಿನಿಂದ ಹುಟ್ಟುವ ಕ್ರಿಯಾಶೀಲ ಆಮ್ಲಜನಕ ಡಿಎನ್‌ಎಯನ್ನು ಕತ್ತರಿಸುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ಮತ್ತು ಕ್ಯಾಟಲೇಸ್ ಬೆರೆಸಿ ಆಮ್ಲಜನಕ ತೆಗೆಯುವುದು ವಾಡಿಕೆ. ಆದರೆ ಆ ಕ್ರಿಯೆಯಿಂದ ಗ್ಲೂಕೋನಿಕ್ ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತ ಹೋಗುತ್ತದೆ. ಬಫರ್ ತೆಳುವಾಗಿದ್ದರೆ ಬೆಳಗ್ಗೆ ತೆಗೆದ ವಕ್ರಕ್ಕೂ ಸಂಜೆ ತೆಗೆದದ್ದಕ್ಕೂ ತಾಳೆಯಾಗುವುದಿಲ್ಲ.

ಒಂದೇ ಅಣು ಸಿಕ್ಕಿದೆಯೇ ಎಂಬುದನ್ನು ಪ್ರತಿ ಸಲವೂ ನೋಡಬೇಕು. ಎರಡು ಅಣುಗಳು ಸಮಾಂತರವಾಗಿ ಕೂತಿದ್ದರೆ ಪರ್ಸಿಸ್ಟೆನ್ಸ್ ಉದ್ದ ಅರ್ಧಕ್ಕೆ ಇಳಿದು 25ರ ಬಳಿ ಬರುತ್ತದೆ, ಪ್ರಸ್ಥಭೂಮಿ 130ರ ಕಡೆಗೆ ಏರುತ್ತದೆ. ಎರಡೂ ಲಕ್ಷಣ ಒಟ್ಟಿಗೆ ಕಂಡರೆ ಆ ಮಣಿಯನ್ನು ಬಿಟ್ಟುಬಿಡಿ.

ಕೊರತೆ ಎರಡು. ಒಂದು ಸಲಕ್ಕೆ ಒಂದೇ ಅಣು, ಹಾಗಾಗಿ 50 ಅಣುಗಳ ಅಂಕಿಅಂಶ ಬೇಕಾದರೆ ದಿನಗಟ್ಟಲೆ ಕೂರಬೇಕು. ಸಾಮಾನ್ಯ ದುಂಡು ಮಣಿ ಬಲೆಯೊಳಗೆ ತಾನೇ ತಿರುಗುವುದರಿಂದ ತಿರುಚನ್ನು ಬೇಕಾದಷ್ಟು ಹಾಕುವುದೂ ಕಷ್ಟ. ಐದರಲ್ಲಿ ಎಲ್ಲಕ್ಕಿಂತ ದುಬಾರಿಯೂ ಇದೇ.

ಮ್ಯಾಗ್ನೆಟಿಕ್ ಟ್ವೀಜರ್ಸ್: ತಿರುಚು ಮತ್ತು ತಾಳ್ಮೆಯ ಪ್ರಶ್ನೆಗಳಿಗೆ

ಅಣುವಿನ ಒಂದು ತುದಿ ಗಾಜಿಗೆ, ಇನ್ನೊಂದು ಕಾಂತೀಯ ಮಣಿಗೆ. ಮೇಲೆ ಐದು ಮಿಲಿಮೀಟರ್ ಅಂಚಿನ ಎರಡು ನಿಯೋಡಿಮಿಯಂ ಆಯಸ್ಕಾಂತಗಳನ್ನು ಒಂದು ಮಿಲಿಮೀಟರ್ ಸಂದು ಬಿಟ್ಟು ಜೋಡಿಸುತ್ತಾರೆ. ಅವನ್ನು ಇಳಿಸಿದರೆ ಬಲ ಏರುತ್ತದೆ, ತಿರುಗಿಸಿದರೆ ಮಣಿ ತಿರುಗುತ್ತದೆ. ಬಲ ತಾನಾಗಿ ಸ್ಥಿರ. ಫೀಡ್‌ಬ್ಯಾಕ್ ಸರ್ಕಿಟ್ ಬೇಡ. ಒಂದೇ ನೋಟದಲ್ಲಿ ಹತ್ತಾರು ಮಣಿಗಳನ್ನು ಹಿಂಬಾಲಿಸಬಹುದು, ಗಂಟೆಗಟ್ಟಲೆ ಬಿಟ್ಟರೂ ಲೇಸರ್ ಸುಡುವ ಭಯವಿಲ್ಲ. ಒಂದು ಮೈಕ್ರೊಮೀಟರ್ ಮಣಿಗೆ ಸುಮಾರು 10 ಪಿಕೊನ್ಯೂಟನ್‌ವರೆಗೆ ಸಿಗುತ್ತದೆ, 2.8 ಮೈಕ್ರೊಮೀಟರ್ ಮಣಿಗೆ ಅದಕ್ಕಿಂತ ಬಹಳ ಹೆಚ್ಚು.

ಔಷಧಿಯ ಅಣುಗಳು ಬೇಸ್‌ಗಳ ನಡುವೆ ತೂರಿಕೊಳ್ಳುವುದನ್ನು ನೋಡಲು ಇದೇ ಸರಿ, ಯಾಕೆಂದರೆ ಲೆಕ್ಕ ಹೀಗಿದೆ. ಹೀಗೆ ತೂರುವ ಇಥಿಡಿಯಂ ಬಣ್ಣದ ಒಂದು ಅಣು ಸೇರಿದರೆ ಡಿಎನ್‌ಎ ಸುಮಾರು 0.34 ನ್ಯಾನೊಮೀಟರ್ ಉದ್ದವಾಗುತ್ತದೆ, ಸುಮಾರು 26 ಡಿಗ್ರಿ ಬಿಚ್ಚಿಕೊಳ್ಳುತ್ತದೆ. ನೂರು ಅಣು ತೂರಿದರೆ ಉದ್ದದಲ್ಲಿ 34 ನ್ಯಾನೊಮೀಟರ್, ತಿರುಚಿನಲ್ಲಿ 7 ಸುತ್ತು. ಮೊದಲನೆಯದು ಫೋಕಸ್ ಸರಿತದೊಂದಿಗೆ ಗುದ್ದಾಡಬೇಕು. ಎರಡನೆಯದನ್ನು ಆಯಸ್ಕಾಂತ ತಿರುಗಿಸಿ ನೇರವಾಗಿ ಎಣಿಸಬಹುದು: 0.3 ಪಿಕೊನ್ಯೂಟನ್‌ನ ಬಳಿ ಸುತ್ತಿಗೆ ಎದುರಾಗಿ ಉದ್ದ ಬರೆದರೆ ಎರಡೂ ಬದಿ ಇಳಿಯುವ ಟೋಪಿಯಾಕಾರದ ವಕ್ರ ಬರುತ್ತದೆ, ಅದರ ನೆತ್ತಿ ಏಳು ಸುತ್ತು ಪಕ್ಕಕ್ಕೆ ಸರಿದಿರುತ್ತದೆ. ಬಲವನ್ನು ಒಂದು ಪಿಕೊನ್ಯೂಟನ್‌ಗೆ ಏರಿಸಿದರೆ ಈ ಟೋಪಿಯ ಬಿಚ್ಚುವ ಬದಿ ಚಪ್ಪಟೆಯಾಗುತ್ತದೆ, ಅಲ್ಲಿ ಡಿಎನ್‌ಎ ಸುರುಳಿಗಟ್ಟುವ ಬದಲು ಎಳೆ ಬಿಟ್ಟುಕೊಳ್ಳುತ್ತಿರುತ್ತದೆ.

ಯಾವ ಮಣಿಯನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೂ ಇದೇ ವಕ್ರ ಸಾಕ್ಷಿ. ಎಷ್ಟು ತಿರುಗಿಸಿದರೂ ಉದ್ದ ಬದಲಾಗದಿದ್ದರೆ ಅಣುವಿನಲ್ಲಿ ಎಲ್ಲೋ ಒಂದು ಎಳೆ ಕಡಿದಿದೆ, ಅಥವಾ ತುದಿ ಒಂದೇ ಬಿಂದುವಿನಲ್ಲಿ ಅಂಟಿ ಬುಗುರಿಯಂತೆ ಸುತ್ತುತ್ತಿದೆ. ಮೊದಲ ಒಂದು ಸುತ್ತಿಗೇ ಎರಡೂ ಬದಿಯಲ್ಲಿ ಚೂಪಾಗಿ ಕುಸಿದರೆ ಎರಡು ಅಣುಗಳು ಒಂದಕ್ಕೊಂದು ಹೆಣೆದುಕೊಂಡಿವೆ.

ಬಲ ಅಳೆಯುವುದು ಮಣಿಯ ಅಲುಗಾಟದಿಂದ: ಉಷ್ಣಶಕ್ತಿಯನ್ನು ಅಣುವಿನ ಉದ್ದದಿಂದ ಗುಣಿಸಿ, ಅಡ್ಡ ಅಲುಗಾಟದ ವರ್ಗಸರಾಸರಿಯಿಂದ ಭಾಗಿಸಿದರೆ ಬಲ. ಮೂರು ಮೈಕ್ರೊಮೀಟರ್ ಅಣುವಿಗೆ ಒಂದು ಪಿಕೊನ್ಯೂಟನ್‌ನಲ್ಲಿ ಅಲುಗಾಟ ಸುಮಾರು 110 ನ್ಯಾನೊಮೀಟರ್, 10 ಪಿಕೊನ್ಯೂಟನ್‌ನಲ್ಲಿ 35. ಸೂತ್ರ ಸರಳ, ಮೋಸ ಇರುವುದು ಕ್ಯಾಮೆರಾದಲ್ಲಿ. ಒಂದು ಮೈಕ್ರೊಮೀಟರ್ ಮಣಿ 10 ಪಿಕೊನ್ಯೂಟನ್‌ನಲ್ಲಿ ತನ್ನ ಜಾಗಕ್ಕೆ ಮರಳುವ ಅವಧಿ ಸುಮಾರು 3 ಮಿಲಿಸೆಕೆಂಡ್. ಸೆಕೆಂಡಿಗೆ 60 ಚಿತ್ರದ ಕ್ಯಾಮೆರಾ ತನ್ನ 16 ಮಿಲಿಸೆಕೆಂಡಿನಲ್ಲಿ ಹಲವು ಅಲುಗಾಟಗಳನ್ನು ಕಲಸಿ ಒಂದೇ ಚಿತ್ರ ಮಾಡುತ್ತದೆ. ಅಲುಗಾಟ ಕಡಿಮೆ ಕಾಣುತ್ತದೆ, ಬಲ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಒಂದು ಪಿಕೊನ್ಯೂಟನ್‌ನಲ್ಲಿ ಈ ಅವಧಿ 28 ಮಿಲಿಸೆಕೆಂಡ್ ಇರುವುದರಿಂದ ತೊಂದರೆ ಕಡಿಮೆ. ಹೆಚ್ಚು ಬಲದ ಕೆಲಸವಿದ್ದರೆ ಆಯಸ್ಕಾಂತಕ್ಕೆ ಖರ್ಚು ಮಾಡುವ ಮುನ್ನ ವೇಗದ ಕ್ಯಾಮೆರಾ ಕೊಳ್ಳಿ, ಅಥವಾ ಎಕ್ಸ್‌ಪೋಷರ್ ಕಿರಿದಾಗಿಸಿ ಬೆಳಕು ಹೆಚ್ಚಿಸಿ. ಗಾಜಿಗೆ ಗಟ್ಟಿಯಾಗಿ ಅಂಟಿದ ಮಣಿಯೊಂದನ್ನು ಸದಾ ನೋಟದಲ್ಲಿ ಇಟ್ಟುಕೊಂಡು ಅದರ ಸರಿತವನ್ನು ಎಲ್ಲದರಿಂದ ಕಳೆಯಬೇಕು. ಇಲ್ಲದಿದ್ದರೆ ನೀವು ಅಳೆದದ್ದು ಮೈಕ್ರೋಸ್ಕೋಪಿನ ತಾಪವನ್ನು.

ಎಎಫ್‌ಎಂ: ಈಗಾಗಲೇ ಇದ್ದರೆ ಮಾತ್ರ

ಹಲವು ಕಡೆ ಚಿತ್ರ ತೆಗೆಯಲೆಂದು ಎಎಫ್‌ಎಂ ಇದ್ದೇ ಇರುತ್ತದೆ, ಅದರಲ್ಲೇ ಎಳೆದು ನೋಡೋಣ ಎನಿಸುವುದು ಸಹಜ. ನ್ಯಾನೊಮೀಟರಿಗೆ 10 ಪಿಕೊನ್ಯೂಟನ್ ಬಿಗಿತದ ಮೆದು ಕ್ಯಾಂಟಿಲಿವರ್‌ನಲ್ಲೂ (ತುದಿಯನ್ನು ಹೊತ್ತ ಬಾಗುವ ಪಟ್ಟಿ) ಉಷ್ಣದ ಗದ್ದಲ 6 ಪಿಕೊನ್ಯೂಟನ್ ದಾಟುತ್ತದೆ, 60ರ ಬಿಗಿತದ್ದರಲ್ಲಿ 15ರ ಮೇಲೆ. ಜಿಪ್ ಬಿಚ್ಚುವ ಬಲ ಇದರಲ್ಲಿ ಕಷ್ಟಪಟ್ಟು ಕಾಣುತ್ತದೆ, ತಿರುಚಿನ ಜಗತ್ತು ಕಾಣುವುದೇ ಇಲ್ಲ. 65ರ ಪ್ರಸ್ಥಭೂಮಿ ಮತ್ತು ಅದರ ಮೇಲಿನ, 150 ಪಿಕೊನ್ಯೂಟನ್‌ನ ಆಸುಪಾಸಿನ ಎಳೆ ಬೇರ್ಪಡುವ ಘಟ್ಟ ಮಾತ್ರ ಚೆನ್ನಾಗಿ ಸಿಗುತ್ತವೆ. ಪೀಜೋ (ತುದಿಯನ್ನು ಎತ್ತಿಳಿಸುವ ಭಾಗ) ಎಷ್ಟು ದೂರ ಎತ್ತಬಲ್ಲದು ನೋಡಿಕೊಳ್ಳಿ: 48,502 ಜೋಡಿಯ ಲ್ಯಾಮ್ಡಾ ಡಿಎನ್‌ಎ (ಬ್ಯಾಕ್ಟೀರಿಯಾದ ವೈರಸ್ ಒಂದರದು) 16.5 ಮೈಕ್ರೊಮೀಟರ್, ಹಿಗ್ಗಿದರೆ 28. ಅನೇಕ ಯಂತ್ರಗಳಲ್ಲಿ ಅಷ್ಟು ಎತ್ತರ ಇಲ್ಲ, ಒಂದೆರಡು ಮೈಕ್ರೊಮೀಟರಿನ ತುಂಡು ಬಳಸಿ. ತುದಿ ಅಣುವನ್ನು ಎಲ್ಲಿ ಹಿಡಿಯಿತೆಂಬುದೇ ಗೊತ್ತಿಲ್ಲದ ಅಂಟಿಸುವಿಕೆಗಿಂತ ರಾಸಾಯನಿಕ ಬಂಧದ ಅಂಟಿಸುವಿಕೆ ಲೇಸು.

ಸಿಲಿಕಾನ್ ಚಿಮುಟ

ಚಿಪ್ಪಿನ ಮೇಲೆ ಕೆತ್ತಿದ ಎರಡು ಚೂಪು ತುದಿಗಳ ನಡುವೆ ಪರ್ಯಾಯ ವಿದ್ಯುತ್ ಕ್ಷೇತ್ರ ಹಾಕಿ ಡಿಎನ್‌ಎಯ ಕಟ್ಟೊಂದನ್ನು ಸೆಳೆದುಕೊಳ್ಳುತ್ತಾರೆ. ಚಿಮುಟದ ಅನುರಣನ ಆವರ್ತ ಏರಿದರೆ ಕಟ್ಟು ಬಿಗಿಯಾಯಿತು, ಇಳಿದರೆ ಸಡಿಲವಾಯಿತು. ಕಿಣ್ವ ಕತ್ತರಿಸುವುದು, ವಿಕಿರಣದಿಂದ ಕಡಿಯುವುದು ಇಂಥವನ್ನು ನಡೆಯುತ್ತಿದ್ದಂತೆಯೇ ನೋಡಲು ಚೆನ್ನ. ಕಟ್ಟಿನಲ್ಲಿ ಎಷ್ಟು ಅಣುಗಳಿವೆ ಎಂಬುದು ಪ್ರತಿ ಸಲ ಬೇರೆ, ಹಾಗಾಗಿ ಅದೇ ಕಟ್ಟಿನ ಮೊದಲು-ಆಮೇಲೆ ಹೋಲಿಸಬಹುದೇ ಹೊರತು ಅಣುವೊಂದರ ಬಲ ಹೇಳಲಾಗದು. ಚಿಪ್ಪು ತಯಾರಿಸುವ ಸೌಲಭ್ಯ ಹತ್ತಿರ ಇಲ್ಲದಿದ್ದರೆ ಈ ದಾರಿ ಹಿಡಿಯಬೇಡಿ.

ಯಾರಿಗೆ ಯಾವುದು

ನೀರು, ಎಥೆನಾಲ್, ಲವಣದ ಅಯಾನು ಇವುಗಳಿಂದ ಆಗುವ ರೂಪಾಂತರ ನಿಮ್ಮ ವಿಷಯವಾದರೆ ನಾರು. ಬಜೆಟ್ ಎಷ್ಟೇ ಇದ್ದರೂ ಇದೇ. ಎಥೆನಾಲ್ ಬೆರೆಸಿ ಆಪ್ಟಿಕಲ್ ಟ್ವೀಜರ್ಸ್‌ನಲ್ಲಿ ಮಾಡಲು ಹೋದರೆ ದ್ರವದ ವಕ್ರೀಭವನಾಂಕ ಬದಲಾಗಿ ಬಲೆಯ ಬಿಗಿತವನ್ನು ಪ್ರತಿ ಮಿಶ್ರಣಕ್ಕೂ ಹೊಸದಾಗಿ ಅಳೆಯಬೇಕು, ಡಿಎನ್‌ಎ ಮುದ್ದೆಗಟ್ಟುವ ಕಾಟ ಬೇರೆ.

ಔಷಧಿ, ಸೂಪರ್‌ಕಾಯಿಲ್ (ತಿರುಚಿ ತನ್ನ ಮೇಲೇ ಸುತ್ತಿಕೊಂಡ ಡಿಎನ್‌ಎ), ಟೋಪೊಐಸೊಮರೇಸ್ (ಆ ಸುತ್ತು ಬಿಡಿಸುವ ಕಿಣ್ವ), ಝಡ್ ರೂಪ: ಮ್ಯಾಗ್ನೆಟಿಕ್. ಮೈಕ್ರೋಸ್ಕೋಪ್ ಮತ್ತು ಕ್ಯಾಮೆರಾ ಇರುವ ಗುಂಪು ಉಳಿದದ್ದನ್ನು ತಾನೇ ಜೋಡಿಸಿಕೊಳ್ಳಬಹುದು, ಹಾಗಾಗಿ ಹೊಸದಾಗಿ ಶುರು ಮಾಡುವವರು ಒಂದನ್ನೇ ಕೊಳ್ಳುವುದಾದರೆ ನನ್ನ ಮತ ಇದಕ್ಕೇ. ಕ್ರೊಮ್ಯಾಟಿನ್ ನಾರು (ಪ್ರೋಟೀನ್‌ಗಳಿಗೆ ಸುತ್ತಿಕೊಂಡ ಡಿಎನ್‌ಎ) ಮ್ಯಾಗ್ನೆಟಿಕ್, ಆಪ್ಟಿಕಲ್ ಎರಡಕ್ಕೂ ಸೇರಿದ್ದು: ನ್ಯೂಕ್ಲಿಯೊಸೋಮ್‌ನ (ಅಂಥ ಒಂದೊಂದು ಸುತ್ತುಂಡೆಯ) ಹೊರಸುತ್ತು 3ರಿಂದ 5 ಪಿಕೊನ್ಯೂಟನ್‌ನಲ್ಲಿ ಬಿಚ್ಚಿಕೊಳ್ಳುವುದನ್ನು ಮ್ಯಾಗ್ನೆಟಿಕ್‌ನಲ್ಲಿ ತಾಳ್ಮೆಯಿಂದ ನೋಡಬಹುದು, 15ರ ಮೇಲೆ ಒಳಸುತ್ತು ಒಂದೊಂದಾಗಿ ಕಿತ್ತುಬರುವ ಗರಗಸದ ಹಲ್ಲುಗಳಿಗೆ ಆಪ್ಟಿಕಲ್ ಬೇಕು. 65ರ ಪ್ರಸ್ಥಭೂಮಿಯೇ ವಿಷಯವಾದವರಿಗೂ ಆಪ್ಟಿಕಲ್ಲೇ.

ಮಾದರಿ ತಯಾರಿಯ ಹೊರೆಯನ್ನೂ ಬಜೆಟ್ಟಿನಲ್ಲಿ ಸೇರಿಸಿ. ಬರೀ ಎಳೆಯುವುದಾದರೆ ಒಂದು ತುದಿಗೆ ಒಂದು ಬಯೊಟಿನ್, ಇನ್ನೊಂದಕ್ಕೆ ಒಂದು ಡಿಗಾಕ್ಸಿಜೆನಿನ್ ಸಾಕು (ಎರಡೂ ತುದಿಯನ್ನು ಮಣಿಗೋ ಗಾಜಿಗೋ ಅಂಟಿಸುವ ಕೊಂಡಿಗಳು). ತಿರುಚಬೇಕಾದರೆ ಎರಡೂ ತುದಿಗೆ ಕೆಲವು ನೂರು ಜೋಡಿಯ, ಮೈತುಂಬ ಬಯೊಟಿನ್ ಅಥವಾ ಡಿಗಾಕ್ಸಿಜೆನಿನ್ ಇರುವ ತುಂಡುಗಳನ್ನು ಪಿಸಿಆರ್‌ನಲ್ಲಿ ಮಾಡಿ ಲೈಗೇಸ್‌ನಿಂದ ಬೆಸೆಯಬೇಕು. ಒಂದೇ ಒಂದು ಕಡಿತವಾದರೂ ತಿರುಚು ಸೋರಿಹೋಗುತ್ತದೆ. ಅದಕ್ಕೇ ಮಾದರಿಯನ್ನು ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಜೆಲ್‌ನಿಂದ ಕತ್ತರಿಸಬೇಡಿ, ಸಣ್ಣ ಬಾಯಿಯ ಟಿಪ್‌ನಲ್ಲಿ ಜೋರಾಗಿ ಹೀರಬೇಡಿ, ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಬೇಡಿ. ಡಿಎನ್‌ಎ ಕಡಿಯುವ ನ್ಯೂಕ್ಲಿಯೇಸ್‌ಗೆ ಮೆಗ್ನೀಸಿಯಂ ಬೇಕಾಗುವುದರಿಂದ, ಪ್ರಯೋಗಕ್ಕೆ ಮೆಗ್ನೀಸಿಯಂ ಅಗತ್ಯವಿಲ್ಲದಿದ್ದರೆ ಬಫರ್‌ನಲ್ಲಿ ಮೆಗ್ನೀಸಿಯಂ ಹಿಡಿದಿಡುವ ಇಡಿಟಿಎ ಒಂದು ಮಿಲಿಮೋಲಾರ್ ಇರಲಿ.

ಕೊಳ್ಳುವ ಮುನ್ನ ಬೇರೆಯವರ ಉಪಕರಣದಲ್ಲಿ ಸಮಯ ಸಿಗುವುದಾದರೆ ನಿಮ್ಮ ಮಾದರಿಗಿಂತ ಮೊದಲು ಲ್ಯಾಮ್ಡಾ ಡಿಎನ್‌ಎಯನ್ನು 150 ಮಿಲಿಮೋಲಾರ್ ಉಪ್ಪಿನಲ್ಲಿ ಎಳೆಯಿರಿ. ಪರ್ಸಿಸ್ಟೆನ್ಸ್ ಉದ್ದ 45ರಿಂದ 50ರ ನಡುವೆ, ಪೂರ್ಣ ಉದ್ದ 16.5ರ ಬಳಿ, ಅಷ್ಟು ಬಲ ಬರುವ ಯಂತ್ರವಾದರೆ ಪ್ರಸ್ಥಭೂಮಿ 65ರ ಬಳಿ ಬರಬೇಕು. ಒಂದು ಸರಿಯಿದ್ದು ಇನ್ನೊಂದು ತಪ್ಪಿದರೆ ಎಲ್ಲಿ ಕೆಟ್ಟಿದೆ ಎಂಬುದೂ ತಿಳಿಯುತ್ತದೆ: ಉದ್ದ ಸರಿ, ಪ್ರಸ್ಥಭೂಮಿ ತಪ್ಪು ಅಂದರೆ ಬಲದ ಕ್ಯಾಲಿಬ್ರೇಶನ್, ಪ್ರಸ್ಥಭೂಮಿ ಸರಿ, ಉದ್ದ ತಪ್ಪು ಅಂದರೆ ದೂರದ ಶೂನ್ಯಬಿಂದು ಅಥವಾ ಮಣಿಯ ವ್ಯಾಸ.